ಓಲೆಗೆ ಹಿಂದಿನಿಂದ ಗುದ್ದಿದವರಾರು?

ಕ್ಯಾಮೆರಾ ಹಿಡಿದವರೆಲ್ಲ ಫೋಟೋಗ್ರಾಫರು ಎಂದು ನಂಬಿದವರಲ್ಲಿ ನಮ್ಮ ಯಜಮಾನರು ಮೊದಲಿಗರಲ್ಲ, ಕೊನೆಯವರೂ ಆಗಲಿಕ್ಕಿಲ್ಲ. ಅವರನ್ನು ಯಜಮಾನರು ಎಂದು ಕರೆಯುತ್ತಿರುವುದು ಆ ಮನೆಯಲ್ಲಿ ಅವರ ಮಾತು ನಡೆಯುತ್ತದೆ ಎಂಬ ಕಾರಣಕ್ಕಲ್ಲ. ಕರೆಂಟ್ ಬಿಲ್ಲೂ ಬಾಗಿಲ ಮೇಲಿನ ಫಲಕವೂ ಅವರ ಹೆಸರಿನಲ್ಲಿವೆ, ಅಷ್ಟೆ. ಮಿಕ್ಕ ಆಡಳಿತವೆಲ್ಲ ಹೆಂಡತಿಯದು. ಆ ಆಡಳಿತದ ಬಗ್ಗೆ ಅಭಿಪ್ರಾಯ ಹೇಳುವ ಇಲಾಖೆ ಹೆಂಡತಿಯ ತಾಯಿಯದು. ಅತ್ತೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಲ್ಲಿಂದಲೇ ಆ ಇಲಾಖೆಯನ್ನು ನಡೆಸುತ್ತಿದ್ದರು.

ಯಜಮಾನರಿಗೆ ಕೆಲಸ ವಿಮಾ ಕಂಪನಿಯಲ್ಲಿ. ಯಾರದಾದರೂ ಕಾರು ಮರಕ್ಕೆ ಗುದ್ದಿದರೆ, ಲಾರಿ ಗೋಡೆಯನ್ನು ಸವರಿದರೆ, ಇವರು ಹೋಗಿ ಫೋಟೋ ತೆಗೆಯಬೇಕು. ಮುಂಭಾಗ, ಹಿಂಭಾಗ, ಎಡಮಗ್ಗುಲು, ಬಲಮಗ್ಗುಲು. ತಗ್ಗಿನ ಪಕ್ಕದಲ್ಲಿ ಅಳತೆಪಟ್ಟಿ, ಗೀರಿನ ಸುತ್ತ ಸೀಮೆಸುಣ್ಣದ ವೃತ್ತ. ಕೊನೆಯಲ್ಲಿ, ಖುದ್ದಾಗಿ ಬಂದು ನೋಡಿದ್ದೇನೆ ಎನ್ನುವುದಕ್ಕೆ ಸಾಕ್ಷಿಯಾಗಿ, ಕೈ ಹಿಂದೆ ಕಟ್ಟಿ ಗಾಡಿಯ ಪಕ್ಕ ನಿಂತು ತಮ್ಮದೂ ಒಂದು. ಮೊಸರಲ್ಲಿ ಕಲ್ಲು ಹುಡುಕುವುದಕ್ಕೆ ಸಂಬಳ ಕೊಡುವ ಕಂಪನಿ ಸಿಗುವುದು ಎಲ್ಲರ ಹಣೆಯಲ್ಲೂ ಬರೆದಿರುವುದಿಲ್ಲ. ಇಪ್ಪತ್ತು ವರ್ಷ ಹೀಗೆ ಜಖಂಗಳ ನಡುವೆ ಬದುಕಿದ ಮೇಲೆ, ಜಗತ್ತಿನಲ್ಲಿ ಸರಿಯಿರುವ ವಸ್ತುವೊಂದು ಎದುರಾದರೆ ಅವರಿಗೆ ಅನುಮಾನವೇ ಬರುತ್ತಿತ್ತು.

ಹೆಂಡತಿ ಮಾಡುತ್ತಿದ್ದುದು ಮಣ್ಣಿನ ಒಡವೆ. ಜೇಡಿಮಣ್ಣನ್ನು ಹಿಟ್ಟಿನಂತೆ ನಾದಿ, ಊಟದ ಮೇಜಿನ ಮೇಲೆಯೇ ಓಲೆ, ಜುಮುಕಿ, ಪದಕಗಳನ್ನು ತಿದ್ದಿ, ನೆರಳಲ್ಲಿ ಒಣಗಿಸಿ, ಹಿತ್ತಲಲ್ಲಿ ತೂತು ಕೊರೆದ ಹಳೆಯ ಎಣ್ಣೆ ಡಬ್ಬದಲ್ಲಿ ಇದ್ದಿಲು, ಮರದ ಪುಡಿ ತುಂಬಿ ಸುಡುತ್ತಿದ್ದಳು. ಆಮೇಲೆ ಹಳೇ ಚಿನ್ನದ ಬಣ್ಣ. ಆ ಬಣ್ಣ ಹಾಕುವುದರಲ್ಲಿ ಅವಳ ಕೈ ಎಷ್ಟು ಪಳಗಿತ್ತೆಂದರೆ ಮೇಜಿನ ಮೇಲಿಟ್ಟ ಪದಕವನ್ನು ನೋಡಿ ಅತ್ತೆಯೇ ಒಮ್ಮೆ, ಇದನ್ನು ಹೀಗೆ ಹೊರಗಿಡಬೇಡ, ಕಾಲ ಕೆಟ್ಟಿದೆ ಎಂದು ಬೈದಿದ್ದರು.

ಇಲ್ಲಿಯವರೆಗೆ ಕೊಂಡವರೆಲ್ಲ ಪರಿಚಯದವರು, ಮುಲಾಜಿಗೆ ಕೊಂಡವರು. ಈಗ ದೊಡ್ಡ ಬೀದಿಯ ಒಡವೆ ಅಂಗಡಿಯಾಕೆ, ಇವಳ ಕಿವಿಯಲ್ಲಿದ್ದ ಬಣ್ಣ ಹಾಕದ ಒಂದು ಜೊತೆ ಮಣ್ಣಿನ ಓಲೆಯನ್ನು ನೋಡಿ, ಮಿಕ್ಕದ್ದರ ಫೋಟೋ ಕಳಿಸಿ, ಹಿಡಿಸಿದರೆ ಶನಿವಾರ ಹೊಸದಾಗಿ ಜೋಡಿಸುವ ಗಾಜಿನ ಕಪಾಟಿನಲ್ಲಿ ಒಂದು ಅಂತಸ್ತು ನಿಮಗೆ ಎಂದಿದ್ದಳು. ಆ ಕಪಾಟಿನ ಮುಂದೆ ನಿಂತು ಆಸೆಯಿಂದ ಒಳಗೆ ನೋಡಿದ್ದು ಎಷ್ಟು ಸಲವೋ, ಹೆಂಡತಿಗೆ ರಾತ್ರಿ ನಿದ್ದೆಯೇ ಬರಲಿಲ್ಲ. ಬೆಳಗಾಗುತ್ತಲೇ ಸ್ಟುಡಿಯೋದವನನ್ನು ಕರೆಸುವ ಮಾತೆತ್ತಿದಳು.

ಯಜಮಾನರು ಕಾಫಿ ಲೋಟ ಕೆಳಗಿಟ್ಟರು. ಮನೆಯಲ್ಲೇ ಅನುಭವಸ್ಥ ಇರುವಾಗ ಹೊರಗಿನವನ ಕಾಲು ಹಿಡಿಯುವುದೆಂದರೆ ಏನರ್ಥ ಎಂದು ಕೇಳಿದರು. ಇಡೀ ಕಂಪನಿಯಲ್ಲಿ ತಮ್ಮ ಫೋಟೋ ಒಂದೂ ತಿರಸ್ಕೃತವಾದದ್ದಿಲ್ಲ ಎಂದರು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಿಟ್ಟುಸಿರಿನ ಸಮೇತ ಹೇಳಿದರು. ಹೆಂಡತಿ ಸೋತಳು.

"ಆಯ್ತು ರೀ, ನೀವೇ ತೆಗೀರಿ. ನಾನು ಓಲೆಗೆ ಕೊಕ್ಕೆ ತರೋಕೆ ಪೇಟೆಗೆ ಹೋಗಿ ಬರ್ತೀನಿ. ಚೆಂದ ಕಾಣೋ ಹಾಗೆ ಇರಲಿ, ಅಷ್ಟೇ ನಾನು ಕೇಳೋದು," ಎಂದಳು. ಹೋಗುವ ಮೊದಲು ಕಿಟಕಿಯ ಬೆಳಕು ಬೀಳುವಲ್ಲಿ ಮೇಜಿನ ಮೇಲೆ ನೀಲಿ ಬಟ್ಟೆ ಹಾಸಿ, ಪಕ್ಕದಲ್ಲೊಂದು ಹಸಿರು ಎಲೆಯಿಟ್ಟು, ಬಟ್ಟೆಯ ಮೇಲೆ ಒಡವೆಗಳನ್ನು ಒಂದೊಂದಾಗಿ ಮಲಗಿಸಿ ಹೋದಳು.

ಯಜಮಾನರು ಆ ಏರ್ಪಾಟನ್ನು ನೋಡಿದರು. ಬಟ್ಟೆ, ಎಲೆ, ಹೂವು ಇದ್ದಲ್ಲಿ ಏನನ್ನೋ ಮುಚ್ಚಿಡುವ ಹುನ್ನಾರವಿರುತ್ತದೆ ಎನ್ನುವುದು ಅವರ ವೃತ್ತಿಯ ಮೊದಲ ಪಾಠ. ಎಲೆಯನ್ನು ಕಿಟಕಿಯಾಚೆ ಎಸೆದರು. ನೀಲಿ ಬಟ್ಟೆ ತೆಗೆದು ಬಿಳಿಯ ಹೊದಿಕೆ ಹಾಸಿದರು. ಒಡವೆಗಳನ್ನು ಸಾಲಾಗಿ ಜೋಡಿಸಿ, ಕಾರ್ಡುಗಳ ಮೇಲೆ ದಪ್ಪಕ್ಷರದಲ್ಲಿ ಒಂದು, ಎರಡು, ಮೂರು ಎಂದು ಬರೆದು ಪ್ರತಿಯೊಂದರ ಮುಂದೆ ನಿಲ್ಲಿಸಿದರು. ಅಳತೆಪಟ್ಟಿ ಬಂತು. ಕೆಂಪು ಸೀಮೆಸುಣ್ಣ ಬಂತು. ಆಮೇಲೆ ಮಂಡಿಯೂರಿ, ಒಂದು ಕಣ್ಣು ಮುಚ್ಚಿ, ಓಲೆಯ ಮುಂಭಾಗ, ಹಿಂಭಾಗ, ಎಡಮಗ್ಗುಲು, ಬಲಮಗ್ಗುಲುಗಳನ್ನು ತೆಗೆಯತೊಡಗಿದರು.

ಅತ್ತೆ ಕುರ್ಚಿಯಿಂದಲೇ ಕತ್ತು ಚಾಚಿ ನೋಡಿದರು.

"ಅಳಿಯಂದಿರೇ, ಆ ಓಲೆಗೆ ಹಿಂದಿನಿಂದ ಯಾರು ಗುದ್ದಿದರು?" ಎಂದು ವಿಚಾರಿಸಿದರು.

ಇಂಥ ಮಾತಿಗೆಲ್ಲ ಉತ್ತರಿಸಿದರೆ ಕೆಲಸ ಕೆಡುತ್ತದೆ. ಯಜಮಾನರು ಪ್ರತಿ ಒಡವೆಯನ್ನೂ ಭೂತಗನ್ನಡಿಯಲ್ಲಿ ಪರೀಕ್ಷಿಸಿ, ಕಂಡೂ ಕಾಣದ ಗೀರಿಗೂ ಹೊದಿಕೆಯ ಮೇಲೆ ಬಾಣ ಹಾಕಿದರು. ಕೊನೆಗೆ ಕ್ಯಾಮೆರಾವನ್ನು ಕಪಾಟಿನ ಮೇಲಿಟ್ಟು, ಗುಂಡಿ ಒತ್ತಿ ಓಡಿಬಂದು, ಮೇಜಿನ ಆಚೆ ಕೈ ಹಿಂದೆ ಕಟ್ಟಿ, ಮುಖ ಬಿಗಿದು ನಿಂತರು. ಆ ಫೋಟೋ ಬಹಳ ಸ್ಪಷ್ಟವಾಗಿ ಬಂತು. ಅನಾಹುತಕ್ಕೆ ಅದೇ ಕಾರಣವಾಯಿತು.

ಹೆಂಡತಿಯ ಕೈಗೆ ಕೊಟ್ಟರೆ ತಡವಾದೀತೆಂದು ಫೋಟೋಗಳನ್ನು ತಮ್ಮ ಫೋನಿಗೆ ಇಳಿಸಿಕೊಂಡು ಅದರಿಂದಲೇ ಅಂಗಡಿಯಾಕೆಗೆ ಕಳಿಸಿದರು. ಜೊತೆಗೆ ಎರಡು ಸಾಲು: ವಸ್ತುಗಳನ್ನು ಪರಿಶೀಲಿಸಲಾಗಿದೆ, ಸಣ್ಣಪುಟ್ಟ ಗೀರುಗಳನ್ನು ಗುರುತಿಸಲಾಗಿದೆ, ಇಂದೇ ತೀರ್ಮಾನ ತಿಳಿಸುವುದು ಉತ್ತಮ. ತಾವು ಯಾರು, ಯಾರ ಗಂಡ ಎಂದು ಬರೆಯಲಿಲ್ಲ, ಏಕೆಂದರೆ ವರದಿಯಲ್ಲಿ ಸ್ವಂತ ವಿಷಯ ಬರಬಾರದು. ಅಷ್ಟಕ್ಕೇ ನಿಲ್ಲಿಸಿದ್ದರೆ ಕಥೆಯೂ ಅಲ್ಲಿಗೇ ನಿಲ್ಲುತ್ತಿತ್ತೇನೋ. ಆದರೆ ಒಳ್ಳೆಯ ಕೆಲಸವನ್ನು ನಾಲ್ಕು ಜನ ನೋಡಲಿ ಎನಿಸಿ, ಮುಖವಿದ್ದ ಫೋಟೋವನ್ನು ಬೀದಿಯವರ ಫೋನ್ ಗುಂಪಿಗೂ ಹಾಕಿ, ಸಂಬಂಧಪಟ್ಟವರು ಬಂದು ನೋಡಬಹುದು ಎಂದು ಸೇರಿಸಿದರು.

ಆ ಗುಂಪನ್ನು ನಡೆಸುತ್ತಿದ್ದವರು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು. ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವರು. ಬಿಳಿ ಬಟ್ಟೆಯ ಮೇಲೆ ಸಾಲಾಗಿ ಚಿನ್ನ, ಪ್ರತಿಯೊಂದಕ್ಕೂ ನಂಬರು, ಹಿಂದೆ ನಗು ಮರೆತ ಒಬ್ಬ ಗಂಡಸು. ಇಂಥ ಚಿತ್ರವನ್ನು ಅವರು ಪೇಪರಿನಲ್ಲಿ ಎಷ್ಟು ಸಲ ನೋಡಿಲ್ಲ? ವಿಮಾ ಕಂಪನಿ ಎನ್ನುವುದೆಲ್ಲ ಸೋಗು, ಮನುಷ್ಯ ಗುಪ್ತ ಪತ್ತೇದಾರನಿರಬೇಕು ಎಂದು ಅವರಿಗೆ ಹೊಳೆಯಿತು. ಕಳುವಾದ ಒಡವೆ ಸಿಕ್ಕಿವೆ, ನಮ್ಮ ಬೀದಿಯ ಹೆಮ್ಮೆ, ಕಳೆದುಕೊಂಡವರು ಹೋಗಿ ಗುರುತಿಸಿಕೊಳ್ಳಿ ಎಂದು ಬರೆದು ಇನ್ನೂ ನಾಲ್ಕು ಗುಂಪುಗಳಿಗೆ ದಾಟಿಸಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನಕ್ಕೆ ಯಾವ ಬೀದಿಯಲ್ಲೂ ಕೊರತೆಯಿಲ್ಲ.

ಮೊದಲು ಬಂದದ್ದು ಯಜಮಾನರ ಅಕ್ಕನ ಫೋನು. ಅಕ್ಕ ಅದೇ ಚಿತ್ರವನ್ನು ನೋಡಿದ್ದಳು. ಆದರೆ ಅವಳಿಗೆ ತಮ್ಮನ ಮುಖದಲ್ಲಿ ಪತ್ತೇದಾರ ಕಾಣಲಿಲ್ಲ. ಚಿಕ್ಕಂದಿನಿಂದ ನೋಡಿದ ಮುಖ, ಹಿಂದೆ ಕಟ್ಟಿದ ಕೈ. ಸಿಕ್ಕಿಬಿದ್ದವನು ಎಂದೇ ಅವಳು ತಿಳಿದಳು.

"ಲೋ, ಎಂಥ ಕೆಲಸ ಮಾಡಿಬಿಟ್ಟೆಯೋ," ಎಂದು ಬಿಕ್ಕಿದಳು.

ಅಕ್ಕ ಬಿಕ್ಕಿದ್ದು ಮೆಚ್ಚುಗೆಯಿಂದಲೇ ಎಂದು ಯಜಮಾನರು ಹಿಗ್ಗಿದರು. "ಇದೇನು ದೊಡ್ಡದಲ್ಲ ಬಿಡಕ್ಕ. ಇಪ್ಪತ್ತು ವರ್ಷದಿಂದ ಕೈ ಪಳಗಿದೆ," ಎಂದರು.

"ಇಪ್ಪತ್ತು ವರ್ಷದಿಂದಲಾ?"

"ಹ್ಞೂಂ. ಇಷ್ಟು ದಿನ ಬರೀ ಕಾರು, ಲಾರಿ. ಒಡವೆಗೆ ಕೈ ಹಾಕಿದ್ದು ಇದೇ ಮೊದಲು."

ಆ ಕಡೆ ಏನೋ ಬಿದ್ದ ಸದ್ದಾಯಿತು. ಫೋನನ್ನು ಮತ್ತೆ ಎತ್ತಿಕೊಂಡ ಅಕ್ಕ, ನಿನ್ನ ಹೆಂಡತಿಗೂ ಇದೆಲ್ಲ ಗೊತ್ತೇನೋ ಎಂದು ಕ್ಷೀಣ ದನಿಯಲ್ಲಿ ಕೇಳಿದಳು. ಅವಳದೇ ಯೋಜನೆ, ಮಾರುವುದೆಲ್ಲ ಅವಳೇ, ನಾನು ಬರೀ ಸಹಾಯಕ ಎಂದು ಯಜಮಾನರು ವಿನಯದಿಂದ ನುಡಿದರು. ಅಕ್ಕ ಮುಂದಿನ ಬಸ್ಸಿಗೆ ಹೊರಡುತ್ತೇನೆ, ಅಲ್ಲಿಯವರೆಗೆ ಯಾರ ಹತ್ತಿರವೂ ಬಾಯಿ ಬಿಡಬೇಡ ಎಂದು ಫೋನಿಟ್ಟಳು.

ಅಷ್ಟರಲ್ಲಿ ಬಾಗಿಲ ಮುಂದೆ ಚಪ್ಪಲಿಗಳು ಸೇರತೊಡಗಿದ್ದವು. ಮೂಲೆಮನೆಯಾಕೆ ಎಲ್ಲರಿಗಿಂತ ಮುಂದೆ. ಒಂದನೇ ನಂಬರಿನ ಪದಕ ತನ್ನದು, ಮದುವೆಮನೆಯಲ್ಲಿ ಕೈಕಾಲು ತೊಳೆಯುವಾಗ ಹೋದದ್ದು, ಅದರ ನಡುವಿನ ನವಿಲನ್ನು ತಾನು ಕನಸಿನಲ್ಲೂ ಗುರುತಿಸಬಲ್ಲೆ ಎಂದಳು. ಅವಳ ಹಿಂದೆಯೇ ಬಂದ ದರ್ಜಿಯವನು, ಅದು ತನ್ನ ತಾಯಿಯ ಪದಕ, ಬಸ್ಸಿನಲ್ಲಿ ಯಾರೋ ಕತ್ತರಿಸಿಕೊಂಡರು, ನವಿಲಿನ ಕೊಕ್ಕು ಕೊಂಚ ಡೊಂಕು, ಬೇಕಾದರೆ ನೋಡಿ ಎಂದನು. ನೋಡಿದರೆ ಕೊಕ್ಕು ಡೊಂಕಾಗಿಯೇ ಇತ್ತು. ಯಜಮಾನರು ಸ್ವತಃ ಬಾಣ ಹಾಕಿ ತೋರಿಸಿದ ಡೊಂಕು ಅದು. ಮೇಷ್ಟ್ರು ಕುರ್ಚಿ ತರಿಸಿಕೊಂಡು, ಎಲ್ಲರೂ ಸಾಲಾಗಿ ಬನ್ನಿ, ಕಳೆದುಹೋದ ಸಂದರ್ಭವನ್ನು ಸಂಕ್ಷಿಪ್ತವಾಗಿ ಹೇಳಿ ಎಂದು ವ್ಯವಸ್ಥೆಗೆ ಇಳಿದರು. ಇಷ್ಟು ಗಿರಾಕಿಗಳನ್ನು ಕಂಡು ಯಜಮಾನರು ಉಬ್ಬಿಹೋದರು. ಫೋಟೋ ಎಂದರೆ ಹೀಗಿರಬೇಕು ನೋಡಿ ಎಂದು ಅತ್ತೆಯ ಕಡೆ ತಿರುಗಿದರು.

"ಅವರು ಕೊಳ್ಳೋಕೆ ಬಂದಿಲ್ಲ ಅಳಿಯಂದಿರೇ, ತಗೊಂಡು ಹೋಗೋಕೆ ಬಂದಿದ್ದಾರೆ," ಎಂದರು ಅತ್ತೆ.

ಹೆಂಡತಿ ಕೊಕ್ಕೆಯ ಪೊಟ್ಟಣ ಹಿಡಿದು ಬಂದಾಗ ಅವಳ ಮನೆಯೊಳಕ್ಕೆ ಅವಳಿಗೇ ದಾರಿಯಿರಲಿಲ್ಲ. ಸಾಲಿನಲ್ಲಿ ಬನ್ನಿ ಎಂದು ಮೇಷ್ಟ್ರು ಗದರಿದರು. ಹೇಗೋ ನುಸುಳಿ ಒಳಗೆ ಬಂದು, ಬಿಳಿ ಹೊದಿಕೆ, ನಂಬರು, ಬಾಣಗಳನ್ನು ನೋಡಿ, ಗಂಡನ ಫೋನಿನಲ್ಲಿ ಫೋಟೋಗಳನ್ನೂ ನೋಡಿದಳು. ಅವಳ ಮುಖ ಸಣ್ಣಗಾಯಿತು. ಇವೆಲ್ಲ ನಾನೇ ಮಾಡಿದ್ದು, ಮಣ್ಣಿನವು ಎಂದು ಹೇಳಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಮ್ಮ ಒಡವೆ ನಮಗೆ ಗೊತ್ತಾಗಲ್ವಾ ಎಂದು ಮೂಲೆಮನೆಯಾಕೆ ಪದಕದ ಒಂದು ತುದಿ ಹಿಡಿದಳು. ದರ್ಜಿ ಇನ್ನೊಂದು ತುದಿ ಹಿಡಿದ.

ಆ ಹೊತ್ತಿಗೆ ಹೆಡ್ ಕಾನ್‌ಸ್ಟೇಬಲ್ ಬಂದರು. ಅವರ ಬೆನ್ನ ಹಿಂದೆ ಒಡವೆ ಅಂಗಡಿಯಾಕೆ.

ಯಾವುದೋ ಅಪರಿಚಿತ ನಂಬರಿನಿಂದ, ಹೆಸರಿಲ್ಲದೆ, ನಂಬರು ಹಾಕಿದ ಚಿನ್ನದ ಫೋಟೋಗಳು ಬಂದು, ಇಂದೇ ತೀರ್ಮಾನ ತಿಳಿಸಿ ಎಂದರೆ ಒಡವೆ ವ್ಯಾಪಾರಿಯಾದವಳು ಏನು ಮಾಡಬೇಕೋ ಅದನ್ನೇ ಆಕೆ ಮಾಡಿದ್ದಳು. ನೇರ ಸ್ಟೇಷನ್ನಿಗೆ ಹೋಗಿದ್ದಳು. ಮೇಷ್ಟ್ರು ದಾಟಿಸಿದ ಚಿತ್ರ ಅಲ್ಲಿಗೂ ಮುಟ್ಟಿದ್ದರಿಂದ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲಲ್ಲಿ ಹೆಂಡತಿಯನ್ನು ಕಂಡು, "ನೀವಾ?" ಎಂದಳು. ಆ ಒಂದು ಮಾತಿಗೆ ಹೆಂಡತಿಯ ಕಣ್ಣಲ್ಲಿ ನೀರು ತುಂಬಿತು. ಗಾಜಿನ ಕಪಾಟು ಕೈತಪ್ಪಿತೆಂದು ಅವಳಿಗೆ ಖಚಿತವಾಯಿತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಖಾಕಿ ಕಂಡೊಡನೆ, ಯಾರೂ ಏನೂ ಕೇಳುವ ಮೊದಲೇ ಯಜಮಾನರು, ನಾನು ಬರೀ ಫೋಟೋ ತೆಗೆದವನು, ಒಂದನ್ನೂ ಹೊರಗೆ ಸಾಗಿಸಿಲ್ಲ ಎಂದುಬಿಟ್ಟರು. ಎಲ್ಲಿಂದ ಬಂದವು ಎಂದು ಕಾನ್‌ಸ್ಟೇಬಲ್ ಕೇಳಿದರೆ, ಎಲ್ಲಾ ಹಿತ್ತಲ ಒಲೆಯಿಂದ ಎಂದರು. ಕಾನ್‌ಸ್ಟೇಬಲ್ ಹಿತ್ತಲಿಗೆ ಹೋಗಿ, ಇನ್ನೂ ಬೆಚ್ಚಗಿದ್ದ ಎಣ್ಣೆ ಡಬ್ಬವನ್ನು ಲಾಠಿಯಿಂದ ತಟ್ಟಿ ನೋಡಿ ಗಂಭೀರರಾಗಿ ಹಿಂದಿರುಗಿದರು.

"ಕದ್ದದ್ದನ್ನ ಇಲ್ಲೇ ಕರಗಿಸಿ ಹೊಸದು ಮಾಡ್ತಿದ್ದೀರಾ?"

ಮೇಷ್ಟ್ರು ಎದ್ದು ನಿಂತರು. ಈ ಮನುಷ್ಯನ ಮೇಲೆ ತಮಗೆ ಮೊದಲಿನಿಂದಲೂ ಅನುಮಾನವಿತ್ತು ಎಂದರು. ಬೀದಿಯ ಹೆಮ್ಮೆ ಬೀದಿಗೆ ಬರಲು ಅಷ್ಟೇ ಹೊತ್ತು ಸಾಕಾಯಿತು.

ಮಣ್ಣು ಎಂದು ಹೆಂಡತಿ ಮತ್ತೆ ಹೇಳಿದಳು. ಸಿಕ್ಕಿಬಿದ್ದವರೆಲ್ಲ ಹಾಗೇ ಹೇಳುವುದು ಎಂದರು ಕಾನ್‌ಸ್ಟೇಬಲ್. ವಾರಸುದಾರರು ಇಬ್ಬರು ಇಲ್ಲೇ ನಿಂತಿದ್ದಾರೆ, ವಿಚಾರಣೆ ಮುಗಿಯುವವರೆಗೆ ಎಲ್ಲವೂ ಸ್ಟೇಷನ್ನಿನಲ್ಲಿರಲಿ, ಒಂದೆರಡು ತಿಂಗಳಲ್ಲಿ ಇತ್ಯರ್ಥವಾಗುತ್ತದೆ ಎಂದು ಚೀಲ ಕೇಳಿದರು.

ಹೆಂಡತಿ ಮೂಲೆಮನೆಯಾಕೆ ಮತ್ತು ದರ್ಜಿಯ ಕೈಗಳ ನಡುವಿನಿಂದ ಪದಕವನ್ನು ಬಿಡಿಸಿಕೊಂಡಳು. ಅವಳು ಮಾಡಿದ್ದರಲ್ಲೆಲ್ಲ ಅದೇ ಚೆಂದದ್ದು. ಆ ನವಿಲಿನ ಒಂದೊಂದು ಗರಿಯನ್ನೂ ಸೂಜಿಯಲ್ಲಿ ಕೊರೆದಿದ್ದಳು.

"ಇದು ನಿಮ್ಮ ಚಿನ್ನ ತಾನೇ?" ಎಂದು ಇಬ್ಬರನ್ನೂ ಕೇಳಿದಳು. ಇಬ್ಬರೂ ಹೌದೆಂದರು.

ಹೆಂಡತಿ ಹೊಸ್ತಿಲ ಬಳಿ ಕೂತು ಪದಕವನ್ನು ಅಂಚಿಗೆ ಕುಕ್ಕಿದಳು. ಅದು ಎರಡು ಹೋಳಾಯಿತು. ಒಳಗೆ ಕೆಂಪು ಮಣ್ಣು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಇಲ್ಲಿ ಕುಂಬಾರತಿಯೇ ದೊಣ್ಣೆ ಹಿಡಿಯಬೇಕಾಗಿ ಬಂದದ್ದನ್ನು ಕಂಡು ಎಲ್ಲರಿಗೂ ಸಂಕಟವಾಯಿತು. ಅತ್ತೆಯ ಇಲಾಖೆ ಕೂಡ ಕಿಟಕಿಯಾಚೆ ಮುಖ ತಿರುಗಿಸಿತು.

ಮೂಲೆಮನೆಯಾಕೆ ಮೊದಲು ಚೇತರಿಸಿಕೊಂಡು, ಹಾಗಾದರೆ ನನ್ನದು ಬೇರೆ ನವಿಲು ಎಂದು ಚಪ್ಪಲಿ ಹುಡುಕಿದಳು. ದರ್ಜಿಗೆ ಅಂಗಡಿಯಲ್ಲಿ ಇಸ್ತ್ರಿಪೆಟ್ಟಿಗೆ ಆರಿಸದೆ ಬಂದದ್ದು ನೆನಪಾಯಿತು. ಸಾಲು ಹೇಗೆ ಕರಗಿತೋ ಯಾರಿಗೂ ತಿಳಿಯಲಿಲ್ಲ. ಮೇಷ್ಟ್ರು ಮಾತ್ರ ಕುರ್ಚಿ ತಮ್ಮದಾದ್ದರಿಂದ ಉಳಿದರು.

ಅಂಗಡಿಯಾಕೆ ಬಗ್ಗಿ ಹೋಳುಗಳನ್ನು ಆರಿಸಿಕೊಂಡಳು. "ಇಷ್ಟು ಒಳ್ಳೇದನ್ನ ಒಡೆಯೋ ಬದಲು ನನ್ನನ್ನ ಒಂದು ಮಾತು ಕೇಳಬಾರದಿತ್ತಾ ಅಮ್ಮ?"

"ಕೇಳೋಕೆ ನೀವು ಪೊಲೀಸರ ಹಿಂದೆ ನಿಂತಿದ್ರಲ್ಲ," ಎಂದಳು ಹೆಂಡತಿ.

ಅಂಗಡಿಯಾಕೆ ತಲೆ ತಗ್ಗಿಸಿದಳು. ಹುಟ್ಟಿದಾಗಿನಿಂದ ಒಡವೆಯ ನಡುವೆ ಬೆಳೆದ ತನ್ನ ಕಣ್ಣಿಗೂ ಇದು ಚಿನ್ನವಾಗಿಯೇ ಕಂಡಿತ್ತು, ತಪ್ಪಾಯಿತು ಎಂದಳು. ಆದರೂ ಏನೋ ಯೋಚನೆಯಲ್ಲಿ ಬಿದ್ದಳು. ತಾನೇ ನಂಬದ್ದನ್ನು ಗಿರಾಕಿಗಳು ನಂಬುತ್ತಾರೆಯೇ? ಮಣ್ಣೆಂದರೆ ಸುಳ್ಳು ಎನ್ನುತ್ತಾರೆ, ಸುಮ್ಮನಿದ್ದರೆ ನಕಲಿ ಚಿನ್ನ ಎನ್ನುತ್ತಾರೆ, ಕಪಾಟಿನಲ್ಲಿ ಇಡುವುದು ಹೇಗೆ ಎಂದಳು.

ಅತ್ತ ಕಾನ್‌ಸ್ಟೇಬಲ್ಲರಿಗೆ ಬೇರೆ ತೊಂದರೆ. ದೂರು ಬಂದು ಹೊರಟ ಮೇಲೆ ಏನು ಕಂಡಿತೆಂದು ಸ್ಟೇಷನ್ನಿಗೆ ತೋರಿಸಬೇಕು. ಹೋಳುಗಳನ್ನು ಮೇಜಿನ ಮೇಲಿಟ್ಟು ತಮ್ಮ ಫೋನಿನಲ್ಲಿ ಕ್ಲಿಕ್ಕಿಸಿದರು. ಮೊದಲನೆಯದರಲ್ಲಿ ಅವರ ಬೆರಳು ಬಂತು. ಎರಡನೆಯದರಲ್ಲಿ ಅವರ ಟೊಪ್ಪಿಯ ನೆರಳು. ಮೂರನೆಯದರಲ್ಲಿ ಮೇಷ್ಟ್ರು.

ಇಷ್ಟು ಹೊತ್ತೂ ಗೋಡೆಗೆ ಒರಗಿ, ಹೆಂಡತಿಯ ಮುಖ ನೋಡಲಾರದೆ ನಿಂತಿದ್ದ ಯಜಮಾನರಿಗೆ ಇದನ್ನು ಸಹಿಸಲಾಗಲಿಲ್ಲ. "ಸ್ವಲ್ಪ ಸರೀರಿ ಸರ್. ಒಡೆದ ಜಾಗಕ್ಕೆ ಬೆಳಕು ಓರೆಯಾಗಿ ಬೀಳಬೇಕು," ಎಂದು ಮುಂದೆ ಬಂದು ಅವರ ಫೋನನ್ನು ತಾವೇ ಇಸಿದುಕೊಂಡರು. ಮಂಡಿಯೂರಿದರು, ಒಂದು ಕಣ್ಣು ಮುಚ್ಚಿದರು. ಬೆಳಗಿನಿಂದ ಮೊದಲ ಬಾರಿಗೆ ಅವರ ಎದುರು ನಿಜವಾಗಿ ಜಖಂಗೊಂಡ ವಸ್ತುವಿತ್ತು. ಮುಂಭಾಗ, ಹಿಂಭಾಗ, ಎಡಮಗ್ಗುಲು, ಬಲಮಗ್ಗುಲು. ಬಿರುಕಿನ ಜಾಡು ಹಿಡಿದು ಹತ್ತಿರದಿಂದ ಒಂದು.

ಕಾನ್‌ಸ್ಟೇಬಲ್ ಫೋಟೋ ನೋಡಿ, ಇಂಥದ್ದು ನಮ್ಮ ಸ್ಟೇಷನ್ನಿನಲ್ಲಿ ಯಾರಿಗೂ ತೆಗೆಯೋಕೆ ಬರಲ್ಲ ಎಂದು ಸೆಲ್ಯೂಟಿನ ಹತ್ತಿರ ಹತ್ತಿರ ಏನೋ ಮಾಡಿದರು. ಅಂಗಡಿಯಾಕೆ ಫೋನನ್ನು ಅವರ ಕೈಯಿಂದ ತೆಗೆದುಕೊಂಡಳು. ಆ ಚಿತ್ರದಲ್ಲಿ ಮೇಲೆ ಚಿನ್ನದ ನವಿಲು ಒಂದೊಂದು ಗರಿಯ ಸಮೇತ ಹೊಳೆಯುತ್ತಿತ್ತು. ಒಡೆದ ಕಡೆ ಕೆಂಪು ಮಣ್ಣು ಕಣಕಣವಾಗಿ ಕಾಣುತ್ತಿತ್ತು. ಎರಡು ಪದರ ಒತ್ತಿ ಸೇರಿಸಿದ ಜಾಗದಲ್ಲಿ ಸುಟ್ಟ ಮಣ್ಣಿನೊಳಗೆ ಒಂದು ಹೆಬ್ಬೆರಳಿನ ಗುರುತು ಗೆರೆಗಳ ಸಮೇತ ಉಳಿದಿತ್ತು.

"ಅದು ನನ್ನ ಬೆರಳು," ಎಂದಳು ಹೆಂಡತಿ. ಬೆಳಗಿನಿಂದ ಆಗಿದ್ದೆಲ್ಲ ಮರೆತು ಅವಳಿಗೆ ಸಂತೋಷವೇ ಆಯಿತು. ಗಂಡನ ಕಡೆ ನೋಡಿ, "ಇದು ಮಾತ್ರ ಚೆನ್ನಾಗಿ ಬಂದಿದೆ ರೀ," ಎಂದಳು.

ಶನಿವಾರ ದೊಡ್ಡ ಬೀದಿಯ ಗಾಜಿನ ಕಪಾಟಿನಲ್ಲಿ ಒಂದಲ್ಲ, ಎರಡು ಅಂತಸ್ತು ಮಣ್ಣಿನ ಒಡವೆ ಕೂತಿತು. ಅವುಗಳ ಹಿಂದೆ ಆಳೆತ್ತರಕ್ಕೆ ಮಾಡಿಸಿದ ಒಡಕು ನವಿಲಿನ ಫೋಟೋ. ಹೋಗುವವರು ಬರುವವರು ನಿಂತು, ಒಳಗೆಲ್ಲ ಮಣ್ಣೇ ನೋಡಿ, ಕೈಯಲ್ಲೇ ಮಾಡಿದ್ದು ನೋಡಿ ಎಂದು ಒಬ್ಬರಿಗೊಬ್ಬರು ತೋರಿಸಿದರು. ಅಂದೇ ಬಸ್ಸಿಗೆ ಓಡಿಬಂದು ಇಲ್ಲೇ ಉಳಿದಿದ್ದ ಅಕ್ಕ, ತಮ್ಮ ಜೈಲಿನಲ್ಲಿಲ್ಲ ಎಂದು ತಿಳಿದ ಸಮಾಧಾನಕ್ಕೆ ಎರಡು ಜೊತೆ ಓಲೆ ಕೊಂಡಳು.

ಹೆಂಡತಿ ಅಂದು ಸಂಜೆ ಮನೆಯ ಆಡಳಿತದಲ್ಲಿ ಹೊಸ ನಿಯಮ ತಂದಳು. ಇನ್ನು ಮುಂದೆ ಇಡಿಯಾಗಿರುವ ಒಡವೆಗೆಲ್ಲ ಸ್ಟುಡಿಯೋದವನು. ಸುಡುವಾಗ ಬಿರುಕು ಬಿಟ್ಟದ್ದು, ಒಡೆದದ್ದು ಏನಿದ್ದರೂ ಯಜಮಾನರಿಗೆ. ಯಜಮಾನರು ಇದನ್ನು ಬಡ್ತಿ ಎಂದೇ ಸ್ವೀಕರಿಸಿ, ಕ್ಯಾಮೆರಾ ಒರೆಸುತ್ತಾ, ಮನೆಯಲ್ಲಿ ಬೇರೆ ಏನೇನಿದೆ ಎಂದು ಸುತ್ತ ಕಣ್ಣಾಡಿಸಿದರು.

ಅತ್ತೆ ಕಿಟಕಿಯ ಪಕ್ಕದ ಕುರ್ಚಿಯಿಂದ ಎದ್ದು, ಗಾಜಿನ ಲೋಟಗಳನ್ನೆಲ್ಲ ಒಂದೊಂದಾಗಿ ತೆಗೆದು ಅಡುಗೆಮನೆಯ ಎಲ್ಲಕ್ಕಿಂತ ಮೇಲಿನ ಗೂಡಿಗೆ ಸೇರಿಸಿದರು.

"ಅಳಿಯಂದಿರ ಕಲೆಗೆ ಈಗ ತಾನೇ ಬೆಲೆ ಬಂದಿದೆ," ಎಂದರು ಮಗಳಿಗೆ, "ನಮ್ಮ ಹುಷಾರಿನಲ್ಲಿ ನಾವಿರೋಣ."